ನಗಿಸುವ ಪಾಠ, ನಗುವ ಹಿರಿಯ: ಪಂಜೆ ಮಂಗೇಶರಾಯರ ಬದುಕು ಮತ್ತು ಮಕ್ಕಳ ಪುಸ್ತಕ

ಮಕ್ಕಳ ಪುಸ್ತಕವನ್ನು ಓದಿ ಸಂತೋಷಪಡುವ ಹಿರಿಯರು ಆ ಸಂತೋಷವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವುದು ವಿರಳ. ಮಗನಿಗೆಂದೋ ಮೊಮ್ಮಗಳಿಗೆಂದೋ ಕೊಂಡ ಚಿತ್ರಪುಸ್ತಕವನ್ನು ತಾವೇ ಮೊದಲು ಓದಿ ನಕ್ಕ ಸಂಗತಿಯನ್ನು ವಿದ್ವತ್ ವಲಯದಲ್ಲಿ ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಈ ಸಂಕೋಚ ಕೇವಲ ವೈಯಕ್ತಿಕವಾದುದಲ್ಲ. ನಮ್ಮ ಸಾಹಿತ್ಯ ಚರಿತ್ರೆಗಳ ರಚನೆಯಲ್ಲಿಯೇ ಅದು ಸೇರಿಕೊಂಡಿದೆ. ಕಾವ್ಯ, ಕಾದಂಬರಿ, ನಾಟಕ, ವಿಮರ್ಶೆಗಳಿಗೆ ಅಧ್ಯಾಯಗಳು ದೊರೆತರೆ ಶಿಶುಸಾಹಿತ್ಯಕ್ಕೆ ದೊರೆಯುವುದು ಕೊನೆಯ ಕೆಲವು ಪುಟಗಳು ಮಾತ್ರ. ಪಂಜೆ ಮಂಗೇಶರಾಯರ ಬದುಕನ್ನು ಈ ಸಂಕೋಚಕ್ಕೆ ಎದುರಾಗಿ ನಿಲ್ಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅವರು ಶಾಲೆಯಲ್ಲಿ ಬದುಕಿದವರು, ಶಾಲೆಗಾಗಿ ಬರೆದವರು; ತಾವು ನಗದೆ ಮಕ್ಕಳನ್ನು ನಗಿಸಲಾಗದೆಂಬುದನ್ನು ತಮ್ಮ ವೃತ್ತಿಯಿಂದಲೇ ಅರಿತವರು.

ಇಂಥ ಬರಹವೊಂದನ್ನು ಬೀದರ ಜಿಲ್ಲೆಯ ಕಡೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಭಾಲ್ಕಿ ತಾಲ್ಲೂಕಿನ ಮೆಹಕರ ಮಹಾರಾಷ್ಟ್ರದ ಗಡಿಗೆ ಸಮೀಪದ ಗ್ರಾಮ. ಭಾಲ್ಕಿ, ಔರಾದ ತಾಲ್ಲೂಕುಗಳ ಇಂಥ ಊರುಗಳಲ್ಲಿ ಮನೆಯ ಮಾತು, ಸಂತೆಯ ಮಾತು ಮತ್ತು ಶಾಲೆಯ ಮಾತು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮರಾಠಿ, ಕನ್ನಡ, ಉರ್ದು, ಲಂಬಾಣಿ ಮಾತುಗಳ ನಡುವೆ ಬೆಳೆದ ಮಗುವಿಗೆ ಅಚ್ಚಾದ ಕನ್ನಡ ಮೊದಲು ಎದುರಾಗುವುದು ಪಠ್ಯಪುಸ್ತಕದಲ್ಲಿ. ಆ ಪುಸ್ತಕ ಹೆದರಿಸಿದರೆ ಭಾಷೆಯೇ ಹೆದರಿಸಿದಂತೆ. ನಗಿಸಿದರೆ ಭಾಷೆಯೇ ಒಲಿದಂತೆ. ಪಂಜೆಯವರ ಪ್ರಸ್ತುತತೆ ಇರುವುದು ಇಲ್ಲಿಯೇ. ಏಕೆಂದರೆ ಅವರ ಮನೆಮಾತೂ ಕನ್ನಡವಾಗಿರಲಿಲ್ಲ.

1

ಪಂಜೆ ಮಂಗೇಶರಾಯರು ಜನಿಸಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ನೇತ್ರಾವತಿ ತೀರದ ಬಂಟವಾಳದಲ್ಲಿ. ಪಂಜ ಎಂಬ ಊರಿನ ಹೆಸರನ್ನು ಹೊತ್ತ ಆ ಕುಟುಂಬ ಸಾರಸ್ವತ ಸಮುದಾಯಕ್ಕೆ ಸೇರಿದುದು. ಮನೆಯಲ್ಲಿ ಕೊಂಕಣಿ, ಸುತ್ತಲೂ ತುಳು, ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷು. ನಾಲ್ಕು ಭಾಷೆಗಳ ನಡುವಿನ ಈ ಬಾಲ್ಯ ಅವರ ಬರವಣಿಗೆಯ ಸ್ವರೂಪವನ್ನು ನಿರ್ಧರಿಸಿದ ಮೊದಲ ಅಂಶವೆನ್ನಬಹುದು. ಕನ್ನಡ ಅವರಿಗೆ ಕಿವಿಯಿಂದ ಬಂದುದಕ್ಕಿಂತ ಹೆಚ್ಚಾಗಿ ಕಲಿತು ಒಲಿಸಿಕೊಂಡ ಭಾಷೆ. ಕಲಿತ ಭಾಷೆಯಲ್ಲಿ ಶಬ್ದದ ನಾದವೂ ವಿಚಿತ್ರವೂ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ಪಂಜೆಯವರ ಮಕ್ಕಳ ಪದ್ಯಗಳಲ್ಲಿ ಕಾಣುವ ಅನುಕರಣ ಶಬ್ದಗಳ ಸಮೃದ್ಧಿಗೂ ಆಡುಮಾತಿನ ಲಯಕ್ಕೂ ಈ ಹಿನ್ನೆಲೆಯಲ್ಲಿ ವಿವರಣೆ ದೊರೆಯುತ್ತದೆ.

ಮಂಗಳೂರಿನಲ್ಲಿ ಕಾಲೇಜು ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿಯೇ ಕುಟುಂಬದ ಹೊಣೆ ಅವರ ಹೆಗಲಿಗೆ ಬಂದಿತು. ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಮುನ್ಷಿಯಾಗಿ ಸೇರಿದರು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಪದವಿ ಪಡೆದು, ಮದರಾಸಿನ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಎಲ್.ಟಿ. ಮುಗಿಸಿದರು. ಮುಂದೆ ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಕೊಡಗಿನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರ ಇಡೀ ವೃತ್ತಿಜೀವನ ಶಿಕ್ಷಣ ಇಲಾಖೆಯಲ್ಲಿಯೇ ಸಾಗಿತು.

ಸಾಹಿತ್ಯ ಚರಿತ್ರೆಕಾರರು ಪಂಜೆಯವರನ್ನು ಮೊದಲು ಗುರುತಿಸುವುದು ಸಣ್ಣಕತೆಯ ಆದ್ಯರಲ್ಲಿ ಒಬ್ಬರೆಂದು. 20ನೆಯ ಶತಮಾನದ ಹೊಸ್ತಿಲಲ್ಲಿ ಬೆನೆಗಲ್ ರಾಮರಾಯರ ಸಂಪಾದಕತ್ವದ ಸುವಾಸಿನಿ ಪತ್ರಿಕೆಯಲ್ಲಿ ಅವರ ನನ್ನ ಚಿಕ್ಕಪ್ಪ, ನನ್ನ ಚಿಕ್ಕತಾಯಿ ಮೊದಲಾದ ಬರಹಗಳು ಬೆಳಕು ಕಂಡವು. ಕನ್ನಡದ ಮೊದಲ ಸಣ್ಣಕತೆ ಯಾವುದೆಂಬ ಚರ್ಚೆಯಲ್ಲಿ ಕೆರೂರು ವಾಸುದೇವಾಚಾರ್ಯ, ಮಾಸ್ತಿ ಅವರ ಹೆಸರುಗಳೊಡನೆ ಪಂಜೆಯವರ ಹೆಸರು ಇಂದಿಗೂ ಬರುತ್ತದೆ. ಆದರೆ ಈ ಚರ್ಚೆಯ ಅಬ್ಬರದಲ್ಲಿ ಒಂದು ಅಂಶ ಮರೆಯಾಗಿದೆ. ಈ ಬರಹಗಳ ಹೆಸರುಗಳೇ ಸೂಚಿಸುವಂತೆ ಅವು ಮನೆಯೊಳಗಿನ ನಂಟಿನ ನೋಟದಿಂದ ಹೊರಟವು. ಹತ್ತಿರದವರನ್ನು ಪ್ರೀತಿಯಿಂದಲೇ ಲೇವಡಿ ಮಾಡುವ, ನಿರೂಪಕ ತನ್ನನ್ನೂ ಬಿಟ್ಟುಕೊಳ್ಳದ ಹಾಸ್ಯ ಅವುಗಳ ಜೀವಾಳ. ಅಂದರೆ ಪಂಜೆಯವರು ಮೊದಲು ಹಿರಿಯರನ್ನು ನಗಿಸಿದರು. ಆ ನಗೆಯ ಅಭ್ಯಾಸವನ್ನು ಅನಂತರ ಮಕ್ಕಳ ಕಡೆಗೆ ತಿರುಗಿಸಿದರು. ಅವರ ಶಿಶುಸಾಹಿತ್ಯ ಹಿರಿಯ ಓದುಗನಿಗೆ ಸಪ್ಪೆಯಾಗದಿರುವುದಕ್ಕೆ ಈ ಪೂರ್ವಾಭ್ಯಾಸವೇ ಕಾರಣ.

2

ವಸಾಹತುಶಾಹಿ ಶಿಕ್ಷಣ ವ್ಯವಸ್ಥೆಯಲ್ಲಿ ಶಾಲಾ ಇನ್‌ಸ್ಪೆಕ್ಟರ್ ಎಂಬ ಅಧಿಕಾರಿ ಎಂತಹ ವ್ಯಕ್ತಿಯಾಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದ ಅನುದಾನಿತ ಶಾಲೆಗಳಿಗೆ ಫಲಿತಾಂಶವನ್ನು ನೋಡಿ ಹಣ ಕೊಡುವ ಪದ್ಧತಿಯಿತ್ತು. ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಿದ ದಿನ ಎಷ್ಟು ಮಕ್ಕಳು ಓದಿ, ಬರೆದು, ಲೆಕ್ಕ ಮಾಡಿ ತೇರ್ಗಡೆಯಾದರು ಎಂಬುದರ ಮೇಲೆ ಶಾಲೆಯ ಗಳಿಕೆ ನಿಂತಿರುತ್ತಿತ್ತು. ಮಗು ತಪ್ಪಿದರೆ ಉಪಾಧ್ಯಾಯನ ಹೊಟ್ಟೆಗೆ ಪೆಟ್ಟು. ಉಪಾಧ್ಯಾಯನ ಭಯ ಬೆತ್ತವಾಗಿ ಮಗುವಿನ ಕೈಗೆ ಪೆಟ್ಟು. ಆ ಪದ್ಧತಿ ಕಳೆದ ಮೇಲೂ ಅದು ಬಿತ್ತಿದ ಭೀತಿ ಬಹುಕಾಲ ಉಳಿಯಿತು. ಬಾಯಿಪಾಠ, ನೀತಿವಾಕ್ಯ, ವ್ಯಾಕರಣ ಸೂತ್ರಗಳ ಭಾರದಿಂದ ತುಂಬಿದ ವಾಚನ ಪುಸ್ತಕಗಳು ಅಂಥ ಶಾಲೆಗೆ ತಕ್ಕ ಸಲಕರಣೆಗಳಾಗಿದ್ದವು.

ಅಂತಹ ಭೀತಿಯ ಸಂಕೇತವಾದ ಅಧಿಕಾರಸ್ಥಾನದಲ್ಲಿ ಕುಳಿತವರು ಪಂಜೆಯವರು. ಅವರ ಸಮಕಾಲೀನರ ನೆನಪುಗಳಲ್ಲಿ ಮತ್ತೆ ಮತ್ತೆ ಕಾಣುವುದು ತರಗತಿಯಲ್ಲಿ ನಿಂತು ಕತೆ ಹೇಳುವ, ದನಿ ಬದಲಿಸಿ ಅಭಿನಯಿಸುವ, ಪದ್ಯವನ್ನು ಹಾಡಿ ತೋರಿಸುವ ಪಂಜೆಯವರ ಚಿತ್ರ. ಉಪಾಧ್ಯಾಯರಿಗೆ ಪಾಠಕ್ರಮವನ್ನು ಉಪದೇಶಿಸುವುದಕ್ಕಿಂತ ತಾವೇ ಪಾಠ ಮಾಡಿ ತೋರಿಸುವುದು ಅವರ ರೀತಿಯಾಗಿತ್ತು. ಅಧಿಕಾರಿ ನಕ್ಕಾಗ ಉಪಾಧ್ಯಾಯನೂ ನಗಬಹುದು. ಉಪಾಧ್ಯಾಯ ನಕ್ಕಾಗ ಮಗುವೂ ನಗಬಹುದು. ಶಾಲೆಯ ಅಧಿಕಾರ ಶ್ರೇಣಿಯಲ್ಲಿ ಭಯ ಮೇಲಿನಿಂದ ಕೆಳಕ್ಕೆ ಇಳಿಯುವಂತೆ ನಗೆಯೂ ಇಳಿಯಬಲ್ಲದೆಂಬುದನ್ನು ಅವರು ಪ್ರಯೋಗಿಸಿ ನೋಡಿದರು.

ನಾಗರ ಹಾವನ್ನು ಕುರಿತ ಅವರ ಪ್ರಸಿದ್ಧ ಪದ್ಯವನ್ನು ಈ ದೃಷ್ಟಿಯಿಂದ ಓದಿದರೆ ಅದರ ಇನ್ನೊಂದು ಮುಖ ಕಾಣುತ್ತದೆ. ಕಂಡರೆ ಓಡಬೇಕಾದ ಪ್ರಾಣಿಯನ್ನು ಮಗು ಹೆಸರಿಟ್ಟು ಕರೆಯುತ್ತದೆ, ಕೈಮುಗಿಯುತ್ತದೆ, ಹಾಲಿನ ಆಸೆ ತೋರಿಸುತ್ತದೆ, ಮಾತಿಗೆ ಎಳೆಯುತ್ತದೆ, ಕೊನೆಗೆ ಹೋಗೆಂದು ಕಳಿಸಿಕೊಡುತ್ತದೆ. ಭಯ ಇಲ್ಲವಾಗುವುದಿಲ್ಲ, ಆಟವಾಗುತ್ತದೆ. ಹಾವಿನ ಜಾಗದಲ್ಲಿ ಬೆತ್ತ ಹಿಡಿದ ಅಯ್ಯನವರನ್ನು ಇಟ್ಟುಕೊಂಡು ಎಷ್ಟು ಮಕ್ಕಳು ಈ ಪದ್ಯವನ್ನು ಹಾಡಿಕೊಂಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಶಾಲೆಯ ಭಯವನ್ನು ನಗೆಯಾಗಿ ತಿರುಗಿಸುವ ಕೆಲಸ ಜಗತ್ತಿನ ಬೇರೆ ಕಡೆಗಳಲ್ಲಿಯೂ ನಡೆಯಿತು. ಜರ್ಮನ್ ಚಿತ್ರಕಾರ ಕವಿ ವಿಲ್ಹೆಲ್ಮ್ ಬುಷ್ 1865ರಲ್ಲಿ ಪ್ರಕಟಿಸಿದ ಮ್ಯಾಕ್ಸ್ ಮತ್ತು ಮೋರಿಟ್ಸ್ ಎಂಬ ಚಿತ್ರಪುಸ್ತಕದಲ್ಲಿ ತುಂಟ ಹುಡುಗರಿಬ್ಬರು ತಮ್ಮ ಮೇಷ್ಟ್ರ ಹೊಗೆ ಕೊಳವೆಯಲ್ಲಿ ಸಿಡಿಮದ್ದು ತುಂಬುತ್ತಾರೆ. ಫ್ರೆಂಚಿನಲ್ಲಿ ರೆನೆ ಗೊಸಿನಿ ಬರೆದು ಸಾಂಪೆ ಚಿತ್ರ ಬಿಡಿಸಿದ ಪುಟ್ಟ ನಿಕೊಲಾನ ಕತೆಗಳು 1960ರಲ್ಲಿ ಪುಸ್ತಕವಾಗಿ ಬಂದವು. ಶಾಲೆಯ ಹುಡುಗನೊಬ್ಬ ತಾನು ಕಂಡುದನ್ನು ಮುಗ್ಧವಾಗಿ ಹೇಳುತ್ತ ಹೋದಂತೆ ಅವನಿಗೆ ತಿಳಿಯದ ಹಿರಿಯರ ಪೇಚಾಟ ಓದುಗನಿಗೆ ತಿಳಿಯುತ್ತದೆ. ಮೈಸೂರಿನ ಆರ್.ಕೆ. ನಾರಾಯಣರ ಸ್ವಾಮಿ ಮತ್ತು ಗೆಳೆಯರ ಕತೆ ಇಂಗ್ಲಿಷಿನಲ್ಲಿ ಪ್ರಕಟವಾದದ್ದು 1935ರಲ್ಲಿ, ಅಂದರೆ ಪಂಜೆಯವರು ಇನ್ನೂ ಬದುಕಿದ್ದಾಗ. ಈ ಪುಸ್ತಕಗಳಲ್ಲಿ ಸಮಾನವಾದ ಗುಣವೊಂದಿದೆ. ಅವು ಎರಡು ಪದರಗಳಲ್ಲಿ ನಗಿಸುತ್ತವೆ: ಘಟನೆಗೆ ಮಗು ನಕ್ಕರೆ, ಘಟನೆಯ ಹಿಂದಿರುವ ಲೋಕಕ್ಕೆ ಹಿರಿಯ ನಗುತ್ತಾನೆ. ಪಂಜೆಯವರು ಶಾಲೆಯನ್ನೇ ಕಥಾವಸ್ತುವಾಗಿಸಿದ ಚಿತ್ರಪುಸ್ತಕದಿಂದ ಪ್ರಸಿದ್ಧರಾದವರಲ್ಲ. ಅವರು ಮಾಡಿದ್ದು ಅದಕ್ಕಿಂತ ಮೂಲಭೂತವಾದ ಕೆಲಸ. ಶಾಲೆಯ ಪುಸ್ತಕದೊಳಕ್ಕೇ ನಗೆಯನ್ನು ತಂದರು.

3

ಸಿಗಡಿ ಏಕೆ ಒಣಗಲಿಲ್ಲ ಎಂಬ ಕತೆ ಈ ಎರಡು ಪದರಗಳಿಗೆ ಉತ್ತಮ ನಿದರ್ಶನ. ಒಣಗಲು ಹಾಕಿದ ಸಿಗಡಿ ಒಣಗಲಿಲ್ಲ. ಕಾರಣ ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ, ಆ ಇನ್ನೊಬ್ಬರು ಮತ್ತೊಬ್ಬರತ್ತ. ಪ್ರಶ್ನೆ ಸರಪಳಿಯಾಗಿ ಬೆಳೆಯುತ್ತ ಕೊನೆಗೆ ಸಣ್ಣ ಜೀವಿಯೊಂದರ ಬಳಿ ನಿಲ್ಲುತ್ತದೆ. ಇದು ಜನಪದ ಸರಪಳಿ ಕತೆಯ ಮಾದರಿ. ರಾಜನ ಏಳು ಮಕ್ಕಳು ಬೇಟೆಗೆ ಹೋಗಿ ತಂದ ಏಳು ಮೀನುಗಳಲ್ಲಿ ಒಂದು ಒಣಗದೆ ಉಳಿದ ತೆಲುಗು ಕತೆಯನ್ನು ತೆಲಂಗಾಣದ ಮಗುವೂ ಬಲ್ಲದು. ಅಲ್ಲಿಯೂ ಪ್ರಶ್ನೆ ಇರುವೆಯ ಗೂಡಿನಲ್ಲಿ ಕೊನೆಗೊಳ್ಳುತ್ತದೆ. ಮಗುವಿಗೆ ಇಲ್ಲಿ ರುಚಿಸುವುದು ಪುನರಾವರ್ತನೆ, ಮುಂದಿನದನ್ನು ತಾನೇ ಊಹಿಸಿ ಕೂಗುವ ಸಂಭ್ರಮ. ಹಿರಿಯನಿಗೆ ರುಚಿಸುವುದು ಬೇರೆ. ಕಚೇರಿಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಿರುಗಿ, ಎಲ್ಲಿಯೂ ತೀರ್ಮಾನವಾಗದೆ ಮರಳಿ ಬರುವ ಕಡತವನ್ನು ಕಂಡವನಿಗೆ ಈ ಕತೆ ಕೇವಲ ಸಿಗಡಿಯ ಕತೆಯಾಗಿ ಉಳಿಯುವುದಿಲ್ಲ. ಸರಕಾರಿ ಇಲಾಖೆಯಲ್ಲಿ ವೃತ್ತಿಜೀವನ ಕಳೆದ ಪಂಜೆಯವರಿಗೂ ಈ ಹೊಣೆ ಜಾರಿಸುವ ಕಲೆಯ ಪರಿಚಯ ಇದ್ದೇ ಇತ್ತು.

ಇದೇ ಕತೆ ಚಿತ್ರದ ಪ್ರಶ್ನೆಯನ್ನೂ ಎತ್ತುತ್ತದೆ. ಕರಾವಳಿಯ ಮಗುವಿಗೆ ಸಿಗಡಿ ಅಂಗಳದ ವಸ್ತು; ಅದರ ವಾಸನೆಯೇ ಸಾಕು, ಚಿತ್ರ ಬೇಡ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳನಾಡಿನಲ್ಲಿ, ತೊಗರಿ, ಜೋಳದ ಹೊಲಗಳ ನಡುವೆ ಬೆಳೆದ ಮೆಹಕರದ ಮಗುವಿಗೆ ಸಿಗಡಿಯೆಂದರೆ ಏನು? ತೆಂಕಣ ಗಾಳಿಯ ಆಟವನ್ನು ಬಣ್ಣಿಸುವ ಪದ್ಯದಲ್ಲಿ ಬೀಸುವ ಕಡಲ ಗಾಳಿ ಎಲ್ಲಿಯದು? ಇಲ್ಲಿ ಚಿತ್ರ ಅಲಂಕಾರವಾಗುವುದಿಲ್ಲ, ಅರ್ಥದ ಭಾಗವಾಗುತ್ತದೆ. ಒಂದು ಸೀಮೆಯ ಕನ್ನಡವನ್ನು ಇನ್ನೊಂದು ಸೀಮೆಯ ಮಗುವಿಗೆ ತಲುಪಿಸುವ ದುಭಾಷಿಯ ಕೆಲಸವನ್ನು ಅದು ಮಾಡುತ್ತದೆ. ಚಿತ್ರವೂ ಸಾಲದ ಕಡೆ ಉಪಾಧ್ಯಾಯ ತನ್ನ ಕೈ, ಕಣ್ಣು, ದನಿಗಳಿಂದ ಚಿತ್ರ ಬಿಡಿಸಬೇಕಾಗುತ್ತದೆ. ಅದಕ್ಕೆ ಅವನು ಮೊದಲು ಆ ಪುಟವನ್ನು ತಾನು ಸವಿದಿರಬೇಕು. ಹಿರಿಯನ ಸಂತೋಷ ಮಕ್ಕಳ ಪುಸ್ತಕದ ಹೊರಗಿನ ಆಕಸ್ಮಿಕವಲ್ಲ, ಅದರ ಬಳಕೆಯೊಳಗಿನ ಅವಶ್ಯಕತೆ ಎಂಬ ಮಾತು ಇಲ್ಲಿ ಸ್ಥಿರಪಡುತ್ತದೆ.

ಪಂಜೆಯವರ ವಾಕ್ಯಗಳಲ್ಲಿಯೇ ಚಿತ್ರ ಬರೆಯುವ ಶಕ್ತಿಯಿದೆ ಎಂಬುದನ್ನೂ ಮರೆಯುವಂತಿಲ್ಲ. ಮೆಣಸಿನ ಕಾಳಪ್ಪ, ಇಲಿಗಳ ತಕಥೈ, ಕೊಕ್ಕೊಕ್ಕೊ ಕೋಳಿ, ಗುಡುಗುಡು ಗುಮ್ಮಟ ದೇವರು: ಕತೆಗೆ ಮುನ್ನ ಹೆಸರೇ ಕುಣಿಯುತ್ತದೆ, ಕೂಗುತ್ತದೆ, ಉರುಳುತ್ತದೆ. ಗದ್ಯದಲ್ಲಿ ಕ್ರಿಯಾಪದಗಳು ಹೆಚ್ಚು, ವಿಶೇಷಣಗಳು ಕಡಿಮೆ. ಚಿತ್ರಕಾರನಿಗೆ ಬೇಕಾದುದೂ ಅದೇ.

4

ಶಿಶುಸಾಹಿತ್ಯವನ್ನು ಪಂಜೆಯವರು ಒಂಟಿ ಹವ್ಯಾಸವಾಗಿ ಉಳಿಸಲಿಲ್ಲ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಸ್ಥಾಪನೆಯಾಯಿತು. ಮಕ್ಕಳಿಗಾಗಿ ಪುಸ್ತಕಗಳನ್ನು ಬರೆಯಿಸಿ ಪ್ರಕಟಿಸುವ ಈ ಯತ್ನದಲ್ಲಿ ಎಂ.ಎನ್. ಕಾಮತ್, ಉಳ್ಳಾಲ ಮಂಗೇಶರಾವ್ ಮೊದಲಾದವರು ಅವರ ಜೊತೆಗಿದ್ದರು. ಮೈಸೂರು ಸೀಮೆಯಲ್ಲಿ ಎಸ್.ಜಿ. ನರಸಿಂಹಾಚಾರ್ಯರು ಆಗಲೇ ಮಕ್ಕಳಿಗಾಗಿ ಪದ್ಯಗಳನ್ನು ರಚಿಸಿದ್ದರು. ಆದರೆ ಮಕ್ಕಳ ಪುಸ್ತಕಕ್ಕೆಂದೇ ಒಂದು ಕೂಟ ಕಟ್ಟಬೇಕೆಂಬ ಆಲೋಚನೆ ಕನ್ನಡದಲ್ಲಿ ಹೊಸದು. ಶಾಲೆಗಳಿಗಾಗಿ ಪಂಜೆಯವರು ಪದ್ಯಪುಸ್ತಕಗಳನ್ನು ಸಂಪಾದಿಸಿದರು. ಆ ಪುಸ್ತಕಗಳಲ್ಲಿ ಹಳೆಯ ಕಾವ್ಯಭಾಗಗಳ ಪಕ್ಕದಲ್ಲಿ ಹೊಸ ಆಡುನುಡಿಯ ಪದ್ಯಗಳಿಗೆ ಸ್ಥಳ ದೊರೆಯಿತು. 1919ರಲ್ಲಿ ಹಟ್ಟಿಯಂಗಡಿ ನಾರಾಯಣರಾಯರ ಆಂಗ್ಲಕವಿತಾವಳಿ, 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಬಂದ ಕಾಲದ ಈ ಶಾಲಾಪುಸ್ತಕಗಳನ್ನು ನವೋದಯದ ಚರ್ಚೆಯಿಂದ ಹೊರಗಿಡುವುದು ನ್ಯಾಯವಲ್ಲ. ಹೊಸ ಛಂದಸ್ಸಿಗೆ ಕಿವಿ ಹದವಾದುದು ಪ್ರೌಢ ಓದುಗರ ಮನೆಗಳಲ್ಲಿ ಮಾತ್ರವಲ್ಲ, ಪ್ರಾಥಮಿಕ ಶಾಲೆಯ ಮಣೆಗಳ ಮೇಲೂ ಹೌದು.

ಹೀಗೆ ಮಕ್ಕಳಿಗಾಗಿ ಬರೆದವರು ಪಾಂಡಿತ್ಯದಲ್ಲಿ ಹಿಂದುಳಿದವರೆಂದು ತಿಳಿಯಲಾಗದು. ಕಿಟೆಲರು 1872ರಲ್ಲಿ ಪ್ರಕಟಿಸಿದ್ದ ಶಬ್ದಮಣಿದರ್ಪಣದ ಪರಿಷ್ಕರಣಕ್ಕೆ ಪಂಜೆಯವರು ದುಡಿದಿದ್ದಾರೆ. ಕೇಶಿರಾಜನ ಸೂತ್ರಗಳನ್ನು ತಿದ್ದಿದ ಕೈಯೇ ಕೋಳಿಯ ಕೂಗನ್ನೂ ಬರೆಯಿತು. ತುಳುನಾಡಿನ ಪಾಡ್ದನದ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ. ಕೊಡಗಿನಲ್ಲಿದ್ದಾಗ ರಚಿಸಿದ ಹುತ್ತರಿ ಹಾಡು ಆ ನಾಡಿನ ಹೆಮ್ಮೆಯ ಗೀತೆಯಾಯಿತು. ಕವಿಶಿಷ್ಯ ಎಂಬ ಅಂಕಿತವನ್ನು ಅವರು ಆರಿಸಿಕೊಂಡುದು ಅರ್ಥಪೂರ್ಣವಾಗಿದೆ. ಮೇಷ್ಟ್ರಾದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡರು. ಆದರೆ ಈ ವಿನಯಕ್ಕೆ ಅವರು ಬೆಲೆ ತೆರಬೇಕಾಯಿತು. ಬೇರೆ ಬೇರೆ ಹೆಸರುಗಳಲ್ಲಿ, ಪತ್ರಿಕೆಗಳಲ್ಲಿ, ಪಠ್ಯಗಳಲ್ಲಿ ಚದುರಿಹೋದ ಬರಹಗಳು ಅವರ ಜೀವಿತಕಾಲದಲ್ಲಿ ಒಂದೆಡೆ ಸೇರಲಿಲ್ಲ. ಅವುಗಳನ್ನು ಸಂಪುಟಗಳಾಗಿ ನೋಡಲು ಕನ್ನಡ ಓದುಗರು 1970ರ ದಶಕದವರೆಗೆ, ಅವರ ಜನ್ಮಶತಮಾನೋತ್ಸವದ ಹೊತ್ತಿನವರೆಗೆ ಕಾಯಬೇಕಾಯಿತು. ಮಕ್ಕಳ ಬರಹವೆಂಬ ಕಾರಣಕ್ಕೆ ಸಂಗ್ರಹಿಸುವ ಅವಸರ ಯಾರಿಗೂ ಇರಲಿಲ್ಲ ಎಂದು ತೋರುತ್ತದೆ.

5

ಪಂಜೆಯವರ ಬದುಕಿನ ಕೊನೆಯ ಘಟ್ಟ ಅವರನ್ನು ನಮ್ಮ ಭಾಗಕ್ಕೆ ಕರೆತಂದಿತು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದಲ್ಲಿ ಇದಕ್ಕೆ ಮುನ್ನ ಸಮ್ಮೇಳನ ನಡೆದುದು 1928ರಲ್ಲಿ ಕಲಬುರಗಿಯಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ. ಕನ್ನಡಿಗರ ಕೂಟಕ್ಕೆ ಮಕ್ಕಳ ಕವಿಯೊಬ್ಬರು, ಕನ್ನಡದ ಶಾಲೆಗಳೇ ವಿರಳವಾಗಿದ್ದ ಸೀಮೆಯಲ್ಲಿ ಅಧ್ಯಕ್ಷರಾದುದರ ಔಚಿತ್ಯ ಇಂದು ಹಿಂತಿರುಗಿ ನೋಡುವವರಿಗೆ ಎದ್ದು ಕಾಣುತ್ತದೆ. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರ್‌ನಲ್ಲಿ, ಹೈದರಾಬಾದಿನಲ್ಲಿಯೇ ಅವರು ನಿಧನರಾದರು. ಬಂಟವಾಳದಲ್ಲಿ ಹುಟ್ಟಿದ ಜೀವ ಬೀದರ, ಭಾಲ್ಕಿಗಳ ಜನ ಆಗ ರಾಜಧಾನಿಯೆಂದು ನೋಡುತ್ತಿದ್ದ ಊರಿನಲ್ಲಿ ಮುಗಿಯಿತು.

ಅವರು ತೀರಿಕೊಂಡ ಆ ವರ್ಷಗಳಲ್ಲಿ ಬೀದರ ಸೀಮೆಯ ಮಗುವಿಗೆ ಅವರ ಪದ್ಯಗಳು ದೊರೆಯುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಆಡಳಿತದ ಭಾಷೆ ಉರ್ದು; ಉನ್ನತ ಶಿಕ್ಷಣದಲ್ಲಿಯೂ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಮಾಧ್ಯಮವಾಗಿಸಿಕೊಂಡಿತ್ತು. ಕಮಲನಗರ, ಭಾಲ್ಕಿಗಳಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಸಾಹಸ ಈ ಜಿಲ್ಲೆಯ ಮನೆಮಾತು. ಅಲ್ಲಿ ಕನ್ನಡದ ಪುಸ್ತಕವೆಂದರೆ ಬಚ್ಚಿಡಬೇಕಾದ ವಸ್ತು, ಕಾಪಾಡಬೇಕಾದ ವಸ್ತು. ನಕ್ಕು ನಲಿಯಬಹುದಾದ ವಸ್ತುವಾಗಲು ಅದಕ್ಕೆ ಇನ್ನೂ ಕಾಲ ಬೇಕಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಆ ಮೇಲೆ ರಾಜ್ಯದ ಪಠ್ಯಗಳೊಡನೆ ಪಂಜೆಯವರ ಹಾವು, ಗಾಳಿ, ಸೂರ್ಯೋದಯಗಳು ಈ ಗಡಿಯ ಊರುಗಳಿಗೂ ಬಂದವು.

ಬಂದುವೆಂಬುದು ನಿಜ, ಆದರೆ ಹೇಗೆ ಬಂದುವೆಂಬುದನ್ನೂ ಕೇಳಬೇಕು. ಪರೀಕ್ಷೆಯಲ್ಲಿ ಕವಿಯ ಊರು, ಕಾಲ, ಕೃತಿಗಳನ್ನು ಬರೆಯಿಸುವ ಪಾಠವಾಗಿ ಬಂದಾಗ, ನಗುವಿನ ಕವಿಯೂ ಬಾಯಿಪಾಠದ ಸರಕಾದರು. ಯಾವ ಶಾಲಾ ಭಯವನ್ನು ಕರಗಿಸಲು ಅವರು ಬರೆದರೋ ಅದೇ ಭಯದ ಕೈಗೆ ಅವರ ಪದ್ಯ ಸಿಕ್ಕಿತು. ಇದನ್ನು ಒಂದು ಪ್ರದೇಶದ ದೋಷವೆಂದಾಗಲಿ ಉಪಾಧ್ಯಾಯರ ದೋಷವೆಂದಾಗಲಿ ಹೇಳಲಾಗದು. ಶಿಶುಸಾಹಿತ್ಯವನ್ನು ಓದಿ ಸವಿಯುವ ಹಕ್ಕು ತನಗೂ ಇದೆಯೆಂದು ಉಪಾಧ್ಯಾಯನಿಗೆ ಯಾರೂ ಕಲಿಸಲಿಲ್ಲ. ಕನ್ನಡ ಎಂ.ಎ. ತರಗತಿಗಳಲ್ಲಿ ಪಂಪನಿಂದ ಬಂಡಾಯದವರೆಗೆ ಬೋಧಿಸುವ ನಾವು ಮಕ್ಕಳ ಪುಸ್ತಕವೊಂದನ್ನು ಪ್ರೌಢ ವಿಮರ್ಶೆಯ ಎದುರು ಇಟ್ಟುದು ಎಷ್ಟು ಸಲ?

6

ಪಂಜೆಯವರು ತೆರೆದ ದಾರಿಯಲ್ಲಿ ಹೊಯ್ಸಳ, ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ ಮೊದಲಾದವರು ನಡೆದರು. ಕುವೆಂಪು ಬೊಮ್ಮನಹಳ್ಳಿಗೆ ಕಿಂದರಿಜೋಗಿಯನ್ನು ಕರೆತಂದರು. ಶಿವರಾಮ ಕಾರಂತರು 1936ರಲ್ಲಿ ಸಚಿತ್ರವಾದ ಬಾಲಪ್ರಪಂಚದ ಸಂಪುಟಗಳನ್ನು ಹೊರತಂದರು. ಇವರಲ್ಲಿ ಬಹುತೇಕರು ಹಿರಿಯರಿಗಾಗಿಯೂ ಬರೆದವರೆಂಬುದು ಆಕಸ್ಮಿಕವಲ್ಲ. ಮಕ್ಕಳ ಬರಹವನ್ನು ಕೆಳಗಿನ ಮೆಟ್ಟಿಲೆಂದು ಭಾವಿಸದ ಒಂದು ಪರಂಪರೆ ಕನ್ನಡದಲ್ಲಿದೆ. ಅದನ್ನು ಕೆಳಗಿನ ಮೆಟ್ಟಿಲೆಂದು ಭಾವಿಸಿದುದು ವಿಮರ್ಶೆ.

ಪಂಜೆಯವರ ಬರಹಗಳಿಗೂ ಮಿತಿಗಳಿವೆ. ಅವರ ಲೋಕ ಪ್ರಧಾನವಾಗಿ ಕರಾವಳಿಯದು. ಅದನ್ನೇ ಎಲ್ಲ ಕನ್ನಡ ಮಕ್ಕಳ ಲೋಕವೆಂದು ಪಠ್ಯಗಳು ಬಿಂಬಿಸಿದಾಗ ಬೀದರದ ಆಡುಮಾತು, ಇಲ್ಲಿಯ ಕತೆಗಳು, ಇಲ್ಲಿಯ ನಗೆ ಹೊರಗುಳಿದವು. ಆದರೆ ಅವರಿಂದ ಕಲಿಯಬೇಕಾದ ಪಾಠವೂ ಇದಕ್ಕೇ ಸಂಬಂಧಿಸಿದುದು. ಅವರು ತಮ್ಮ ಅಂಗಳದ ಸಿಗಡಿಯನ್ನು ಶಾಲೆಯ ಪುಸ್ತಕದೊಳಕ್ಕೆ ತಂದರು. ಭಾಲ್ಕಿ, ಔರಾದಗಳ ಅಂಗಳದಲ್ಲಿ ಇರುವುದನ್ನು ತರುವ ಕೆಲಸ ಇಲ್ಲಿಯ ಬರಹಗಾರರದು, ಚಿತ್ರಕಾರರದು.

ಕೊಂಕಣಿಯ ಮನೆಯಿಂದ ಬಂದ ಹುಡುಗನೊಬ್ಬ ಕಲಿತ ಕನ್ನಡದಲ್ಲಿ ನಾಡಿನ ಮಕ್ಕಳನ್ನೆಲ್ಲ ನಗಿಸಿದನೆಂಬ ಸಂಗತಿಯನ್ನು ಮರಾಠಿಯ ಮನೆಯಿಂದ ಬರುವ ಮೆಹಕರದ ಮಗುವಿಗೆ ಹೇಳುವುದು ಸಾಧ್ಯವಾಗಬೇಕು. ಅದನ್ನು ಜೀವನಚರಿತ್ರೆಯ ಪ್ರಶ್ನೋತ್ತರವಾಗಿ ಹೇಳಿದರೆ ಪ್ರಯೋಜನವಿಲ್ಲ. ಪುಸ್ತಕ ತೆರೆದು, ಚಿತ್ರ ತೋರಿಸಿ, ದನಿ ಬದಲಿಸಿ ಓದಬೇಕು. ಓದುವ ಹಿರಿಯನಿಗೆ ನಡುವೆ ನಗೆ ಬಂದರೆ ಅದನ್ನು ತಡೆಯಬೇಕಾದ ಅಗತ್ಯವಿಲ್ಲ.